ಎದ್ದವನ ಬಾಕಿ

ಮಾಘದ ಚಳಿ ಸೀಗೆದೊಡ್ಡಿಯ ಬದುಗಳನ್ನು ಇನ್ನೂ ಬಿಟ್ಟಿರಲಿಲ್ಲ. ಹೊಂಗೆಮರಗಳು ಎಲೆ ಉದುರಿಸಿ ಬೋಳಾಗಿ ನಿಂತಿದ್ದವು. ಮಂಚಮ್ಮನ ರೇಷ್ಮೆ ಹುಳುಮನೆಯಲ್ಲಿ ಮಾತ್ರ ಮೂಲೆಗೊಂದು ಕೆಂಡದ ಬಾಣಲೆ ಇಟ್ಟಿದ್ದರಿಂದ ಬೆಚ್ಚಗಿತ್ತು. ಹುಳುಗಳು ಪೊರೆ ಬಿಡುವ ನಾಲ್ಕನೇ ಜ್ವರ ಕಳೆದು ಎಂಟನೇ ದಿನ. ಹುಳುಗಳು ಹಣ್ಣಾಗಿದ್ದವು. ಹಿಪ್ಪುನೇರಳೆ ಸೊಪ್ಪು ಮುಟ್ಟುವುದನ್ನು ಬಿಟ್ಟು, ಮೈ ಜೇನಿನ ಬಣ್ಣಕ್ಕೆ ತಿರುಗಿ, ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ತಡಕುತ್ತಿದ್ದವು. ಅಂಥವನ್ನು ಆರಿಸಿ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಕಂಡಲ್ಲಿ ನೂಲು ಉಗುಳಿ ಕೆಟ್ಟುಹೋಗುತ್ತವೆ.

ಮಂಚಮ್ಮ ಬೆಳಗಿನ ಐದಕ್ಕೆ ಕೂತವಳು ಇನ್ನೂ ಎದ್ದಿರಲಿಲ್ಲ. ಎದುರಿಗೆ ಗಂಡನ ದೊಡ್ಡಪ್ಪನ ಮಗ ಹೊಂಬಾಳಯ್ಯ ಕುಕ್ಕರುಗಾಲಲ್ಲಿ ಕೂತು ಹುಳು ಆರಿಸುತ್ತಿದ್ದ. ಅರವತ್ತು ದಾಟಿದ ಆಳು. ಬೆರಳು ದಪ್ಪವಾದರೂ ಹುಳುವಿಗೆ ನೋವಾಗದಂತೆ ಎತ್ತುವುದು ಅವನಿಗೆ ಗೊತ್ತಿತ್ತು.

"ನಿನ್ನ ಗಂಡ ಇದ್ದಿದ್ರೆ ಈಗ ಒಂದು ಹುಳ ಎತ್ತಿ ಹತ್ತು ಗಳಿಗೆ ಅದ್ರ ಮಕ ನೋಡ್ತಾ ಕುಂತಿರೋನು" ಅಂದ ಹೊಂಬಾಳಯ್ಯ.

"ಅದು ರಾಣಿಯೋ ಗುಲಾಮನೋ ಅಂತ ನೋಡ್ತಿದ್ರು, ಬುಡಿ ಭಾವ" ಅಂದಳು ಮಂಚಮ್ಮ.

ಇಬ್ಬರೂ ಸಣ್ಣಗೆ ನಕ್ಕರು. ಅವಳ ಗಂಡ ಚಲುವಯ್ಯ ಕಾರ್ತಿಕದಲ್ಲಿ ಹೋಗಿದ್ದ. ಎರಡೂವರೆ ತಿಂಗಳಾಗಿತ್ತು.

ಗೋಡೆಯ ಗೂಟಕ್ಕೆ ತೂಗುಹಾಕಿದ್ದ ಚೀಲದಲ್ಲಿ ಫೋನು ಟಿಣ್ ಅಂದಿತು. ಮಂಚಮ್ಮ ತಲೆ ಎತ್ತಲಿಲ್ಲ. ಹನ್ನೊಂದು ಗಂಟೆ ಆಯಿತೆಂದುಕೊಂಡಳು, ಅಷ್ಟೆ. ಮೂರು ನಿಮಿಷ ಬಿಟ್ಟು ಮತ್ತೊಮ್ಮೆ ಟಿಣ್. ಮೊದಮೊದಲು ಅವಳು ಓಡಿಹೋಗಿ ನೋಡುತ್ತಿದ್ದಳು. ಚನ್ನಪಟ್ಟಣಕ್ಕೆ ಕೊಟ್ಟ ಮಗಳು ಓದಿ ಹೇಳಿದ್ದಳು. ಈಗ ಓದದೆಯೂ ಬಾಯಿಗೆ ಬರುತ್ತಿತ್ತು: "ಚಲುವಯ್ಯನವರೇ, ಈ ಸುತ್ತಿನ ಆಟ ತೆರಿಗೆ ಎರಡು ರೂಪಾಯಿ ಎಂಬತ್ತು ಪೈಸೆ ಸಂದಾಯವಾಗಿದೆ. ನಾಡಿನ ಅಭಿವೃದ್ಧಿಯಲ್ಲಿ ನಿಮ್ಮ ಕೈ ಇದೆ."

ದಿನಾ ಹನ್ನೊಂದರಿಂದ ಮೂರರವರೆಗೆ. ಚಲುವಯ್ಯ ಬದುಕಿದ್ದಾಗ ಸೊಪ್ಪು ಕೊಯ್ದು ಹಾಕಿ, ಹೊಂಗೆಮರದ ಬುಡಕ್ಕೆ ಒರಗಿ ಆಡುತ್ತಿದ್ದ ಹೊತ್ತು ಅದು. ಸತ್ತದ್ದೂ ಅದೇ ಹೊತ್ತಿನಲ್ಲಿ, ಅದೇ ಮರದ ಕೆಳಗೆ, ಫೋನು ತೊಡೆಯ ಮೇಲಿಟ್ಟುಕೊಂಡು. ಮಂಚಮ್ಮ ಎರಡು ಸಲ ದೂರದಿಂದ ಉಣ್ಣಲು ಕೂಗಿದ್ದಳು. ಮೂರನೇ ಸಲ ಬೈದಿದ್ದಳು.

ಆಟದ ಕಾಯಿದೆ ಬಂದು ಆರು ವರ್ಷವಾಗಿತ್ತು. ಹೊರದೇಶದವರು ಪೋಕರ್ ಆಟಕ್ಕೆ ಲೈಸೆನ್ಸು ಕೊಟ್ಟು ತೆರಿಗೆ ಎತ್ತುತ್ತಾರೆ, ನಮ್ಮಲ್ಲಿ ಜನ ಕದ್ದು ಆಡಿ ಹಾಳಾಗುವ ಬದಲು ಬೆಳಕಿನಲ್ಲಿ ಆಡಲಿ ಎಂದು ಸರ್ಕಾರ ಇಸ್ಪೀಟಿಗೆ ಒಪ್ಪಿಗೆ ಕೊಟ್ಟಿತು. ಮಾಡಿದ್ದು ಕೆಟ್ಟ ಮನಸ್ಸಿನಿಂದಲ್ಲ. ಒಬ್ಬನಿಗೆ ಒಂದೇ ಸೀಟು, ದಿನಕ್ಕೆ ನಾಲ್ಕೇ ತಾಸು, ಖಾತೆಗೆ ಬಂದ ಹಣದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಟ್ಟುವ ಹಾಗಿಲ್ಲ. ಯಂತ್ರಗಳು ಮನುಷ್ಯರ ಹೆಸರಲ್ಲಿ ಆಡಿ ಮೋಸ ಮಾಡಬಾರದೆಂದು ಪ್ರತಿ ಆಟಗಾರನ ಮಣಿಕಟ್ಟಿಗೆ ಒಂದು ನಾಡಿಪಟ್ಟಿ. ಪಟ್ಟಿಯೊಳಗೆ ನಾಡಿ ಬಡಿಯುತ್ತಿದ್ದರೆ ಆಡುತ್ತಿರುವವನು ಮನುಷ್ಯ ಎಂದು ಲೆಕ್ಕ. ಪಟ್ಟಿಯ ಕೊಕ್ಕೆಯನ್ನು ಅವನ ಹೆಬ್ಬೆರಳು ಮಾತ್ರ ಬಿಚ್ಚಬಲ್ಲದು.

ತೊಂದರೆ ಬಂದದ್ದು ಹಳ್ಳಿಗಳಿಂದ. ಕೆಸರು ಮೆತ್ತಿದ ಕೈ, ಬೆವರಿದ ಕೈ, ಸಗಣಿ ಬಾಚಿದ ಕೈ. ಪಟ್ಟಿಗೆ ನಾಡಿ ಸಿಗದೆ ಆಟ ನಡುವೆ ನಿಂತು ದುಡ್ಡು ಹೋಗುತ್ತಿತ್ತು. ಸಿಗ್ನಲ್ ಕೈಕೊಟ್ಟರೂ ಅದೇ ಗತಿ. ರೈತರು ತಾಲ್ಲೂಕು ಕಚೇರಿ ಮುಂದೆ ಧರಣಿ ಕೂತರು. ಆಗ ಕಾಯಿದೆಗೊಂದು ತಿದ್ದುಪಡಿ ಬಂತು: ನಾಡಿ ಸಿಗದಿದ್ದರೂ, ಸಿಗ್ನಲ್ ಸಿಗದಿದ್ದರೂ, ಕೊಕ್ಕೆ ಬಿಚ್ಚುವವರೆಗೆ ಆಟಗಾರನ ಪರವಾಗಿ ಒಂದು ಬದಲಿ ಕೈ ಆಡತಕ್ಕದ್ದು. ಅದು ಅವನು ಅಲ್ಲಿಯವರೆಗೆ ಆಡಿದ ಆಟವನ್ನೆಲ್ಲ ಕಲಿತು, ಅವನಂತೆಯೇ ಎಲೆ ಎಸೆಯತಕ್ಕದ್ದು. ಎಷ್ಟು ಹೊತ್ತು ಆಡಬೇಕು ಎಂದು ಯಾರೂ ಬರೆಯಲಿಲ್ಲ. ಕೈ ತೊಳೆದುಕೊಂಡು ಬರುವಷ್ಟು ಹೊತ್ತು ಎಂದು ಎಲ್ಲರೂ ತಿಳಿದಿದ್ದರು.

ಚಲುವಯ್ಯನನ್ನು ಮಣ್ಣಿಗಿಡುವಾಗ ಪಟ್ಟಿ ಅವನ ಎಡಗೈಯಲ್ಲೇ ಇತ್ತು. ಸತ್ತವನ ಹೆಬ್ಬೆರಳಿಗೆ ಕೊಕ್ಕೆ ಬಿಚ್ಚಲಿಲ್ಲ. ಕೊಯ್ದು ತೆಗೆಯೋಣ ಎಂದವನನ್ನು ಹೊಂಬಾಳಯ್ಯನೇ ಗದರಿದ್ದ. ಹೋಗುವವನ ಜೊತೆಗೆ ಅವನಿಗೆ ಇಷ್ಟವಾದದ್ದನ್ನು ಇಡುವುದು ಊರಿನ ಪದ್ಧತಿ. ಒಂದು ಕಟ್ಟು ಬೀಡಿ, ಒಂದು ಬೆಂಕಿಪೊಟ್ಟಣ, ಹಳೆಯದೊಂದು ಇಸ್ಪೀಟ್ ಪ್ಯಾಕು ಇಟ್ಟರು. "ಪಟ್ಟಿನೂ ಇರ್ಲಿ, ಅಲ್ಲೂ ಒಂದ್ ಕೈ ಆಡ್ಲಿ" ಅಂದಿದ್ದ ಹೊಂಬಾಳಯ್ಯ. ಅಳುತ್ತಿದ್ದವರೂ ಆ ಮಾತಿಗೆ ಮುಸಿ ಮುಸಿ ನಕ್ಕಿದ್ದರು.

ಆಡುತ್ತಲೇ ಇದ್ದ.

ಎರಡು ಬೆಳೆ ಗೂಡು ಮಾರಿದ ದುಡ್ಡಿನಲ್ಲಿ ಹದಿನೇಳು ಸಾವಿರ ಚಿಲ್ಲರೆ ಹೋಗಿತ್ತು. ಗೂಡಿನ ಮಾರುಕಟ್ಟೆಯ ಪಾಸ್‌ಬುಕ್ಕು ಅವನ ಹೆಸರಿನಲ್ಲಿ, ಹಣ ಬೀಳುವುದು ಗಂಡಹೆಂಡಿರ ಜಂಟಿ ಖಾತೆಗೆ. ಅವಳು ಹೆಚ್ಚು ದುಡಿದಷ್ಟೂ ಮೂರನೇ ಪಾಲು ಹೆಚ್ಚುತ್ತಿತ್ತು, ಅವನ ಆಟಕ್ಕೆ ಹೆಚ್ಚು ಹಣ ಸಿಗುತ್ತಿತ್ತು. ಹೊಲವನ್ನು ತನ್ನ ಹೆಸರಿಗೆ ಪೌತಿ ಖಾತೆ ಮಾಡಿಸಲು ಹೋದರೆ, ಕಚೇರಿಯ ಕಂಪ್ಯೂಟರು ಚಲುವಯ್ಯನ ಹೆಸರಿನ ಮುಂದೆ 'ಜೀವಂತ' ಎಂದು ತೋರಿಸಿತು. ಮರಣಪತ್ರ ಮುಂದಿಟ್ಟಳು. ಗುಮಾಸ್ತ ಅದನ್ನು ತಿರುಗಿಸಿ ನೋಡಿ, "ಆಟದ ಮಂಡಳಿಯೋರ ದಾಖಲೆ ಇದಕ್ಕಿಂತ ಮೇಲೆ ಅಮ್ಮಾ. ಹಿಂದೆ ಸೋತೋರೆಲ್ಲ ಸತ್ತೆ ಅಂತ ಕಾಗದ ಮಾಡ್ಸಿ ಬಾಕಿ ತಪ್ಪಿಸ್ಕೊಂಡವ್ರೆ. ಅಲ್ಲೇ ಹೋಗಿ ಕೇಳಿ" ಎಂದು ಕೈತೋರಿಸಿದ.

ಮೂರನೇ ಬೆಳೆಯ ಈ ಹುಳುಗಳೆಲ್ಲ ಚಂದ್ರಿಕೆ ಹತ್ತಿದ ಮಾರನೆಯ ದಿನ ಮಂಚಮ್ಮ ಬಸ್ಸು ಹತ್ತಿದಳು. ಗೂಡು ಕಟ್ಟಿ ಮುಗಿಯಲು ಇನ್ನು ನಾಲ್ಕು ದಿನ. ಆ ನಾಲ್ಕು ದಿನ ಹುಳುವಿಗೆ ಮನುಷ್ಯರ ಹಂಗಿಲ್ಲ.

ಆಟದ ಮಂಡಳಿಯ ನಿಗಾ ಕೇಂದ್ರ ಪಟ್ಟಣದ ಹಳೆಯ ಗೂಡಿನ ಮಾರುಕಟ್ಟೆಯ ಕಟ್ಟಡದಲ್ಲಿತ್ತು. ಸತ್ತ ಹುಳುವಿನ ವಾಸನೆ ಗೋಡೆಯಿಂದ ಇನ್ನೂ ಹೋಗಿರಲಿಲ್ಲ. ಹರಾಜಿನ ಹಜಾರದಲ್ಲಿ ಸಾಲಾಗಿ ಪರದೆಗಳು, ಪ್ರತಿ ಪರದೆಯಲ್ಲಿ ಹತ್ತಾರು ಹಸಿರು ಮೇಜು, ಪ್ರತಿ ಮೇಜಿನ ಸುತ್ತ ಆರು ಚುಕ್ಕಿ. ಚುಕ್ಕಿಯ ಕೆಳಗೆ ನಾಡಿಯ ಗೆರೆ ಏರುತ್ತ ಇಳಿಯುತ್ತ ಇತ್ತು. ನೋಡುವವರು ನಾಲ್ಕೈದು ಜನ, ಎಲ್ಲರೂ ಹುಡುಗಿಯರು. ಅವರಲ್ಲಿ ಶಾಹಿದಾ ಎನ್ನುವವಳು ಕುರ್ಚಿ ಎಳೆದು ಕೂರಿಸಿ, ನೀರು ಕೊಟ್ಟು, ಹೆಸರು ಕೇಳಿದಳು.

"ಸೀಗೆದೊಡ್ಡಿಯೋರಾ? ನಮ್ಮಪ್ಪ ಗೂಡು ಕೊಂಡು ನೂಲು ತೆಗೆಯೋ ರೀಲರ್ ಆಗಿದ್ರು. ನಿಮ್ಮೂರಿನ ಗೂಡು ಅಂದ್ರೆ ಎರಡು ರೂಪಾಯಿ ಜಾಸ್ತಿ ಕೂಗೋರು."

"ಕೂಗೋರು ಕೂಗಿದ್ರು, ತಿನ್ನೋರು ತಿಂದ್ರು" ಅಂದಳು ಮಂಚಮ್ಮ. ಬಂದ ಕೆಲಸ ಹೇಳಿದಳು.

ಶಾಹಿದಾ ಚಲುವಯ್ಯನ ಹೆಸರು ಒತ್ತಿ ಹುಡುಕಿದಳು. ಆಮೇಲೆ ಪಕ್ಕದವರಿಗೆ ಕಾಣದಂತೆ ಪರದೆಯನ್ನು ಸ್ವಲ್ಪ ತಿರುಗಿಸಿ, ಒಂದು ಮೇಜನ್ನು ದೊಡ್ಡದು ಮಾಡಿದಳು. ಆರು ಚುಕ್ಕಿ. ಆರರ ಕೆಳಗೂ ಗೆರೆ ದಾರ ಎಳೆದಂತೆ ನೆಟ್ಟಗಿತ್ತು. ನಡುವೆ ಎಲೆಗಳು ಬೀಳುತ್ತಿದ್ದವು. ಒಂದು ಬೀಳುವುದು, ಒಂದು ಏಳುವುದು.

"ಮೂರನೇ ಸೀಟು ನಿಮ್ಮ ಯಜಮಾನರದು."

"ಇದು ಅವರೇ ಅಂತ ಏನು ಗ್ಯಾರಂಟಿ ತಾಯಿ? ನಂಬರು ತಪ್ಪಿರಬಹುದು."

"ನಂಬರು ಬಿಡಿ. ಆಟ ನೋಡಿ. ಈ ಸೀಟು ಪ್ರತಿ ಎಲೆ ಎಸೆಯೋಕೆ ಮುಂಚೆ ಹನ್ನೊಂದು ಸೆಕೆಂಡು ತಡೆಯುತ್ತೆ. ಹತ್ತಲ್ಲ, ಹನ್ನೆರಡಲ್ಲ. ಇನ್ನೊಂದು, ಆಟೀನು ರಾಣಿ ಕೈಗೆ ಬಂದರೆ ಬಿಡಲ್ಲ. ಸೋತರೂ ಬಿಡಲ್ಲ."

ಮಂಚಮ್ಮ ಪರದೆ ನೋಡಿದಳು. ಮೂರನೆಯ ಚುಕ್ಕಿ ಬೆಳಗಿತು. ಅವಳ ಬಲಗೈ ತನ್ನಷ್ಟಕ್ಕೆ ಗಂಡನ ಕೈಯಂತೆ ಮಡಿಲಲ್ಲಿ ಅಲುಗಿತು. ಬೀಡಿ ತೆಗೆಯುವುದು, ಬೆಂಕಿಪೊಟ್ಟಣದ ಮೇಲೆ ಮೂರು ಸಲ ಕುಟ್ಟುವುದು, ಬಾಯಿಗಿಡುವುದು, ಗೀರುವುದು, ಒಂದು ದಮ್ಮು ಎಳೆಯುವುದು. ಆಗ ಎಲೆ ಬಿತ್ತು. ಇಪ್ಪತ್ತೆಂಟು ವರ್ಷ ಅವಳು ಆ ಕುಟ್ಟುವ ಸದ್ದನ್ನು ಕೇಳಿದ್ದಳು. ಈಗ ಸದ್ದಿರಲಿಲ್ಲ, ಅದಕ್ಕೆ ಬೇಕಾದ ಹೊತ್ತು ಮಾತ್ರ ಇತ್ತು.

"ಅವರೇ" ಅಂದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಮಿಕ್ಕೋರು?" ಎಂದು ಕೇಳಿದಳು.

"ಹೆಸರು ಹೇಳೋ ಹಾಗಿಲ್ಲ, ಕಾಯಿದೆ. ಅವರೂ ಹಿಂಗೆ." ಶಾಹಿದಾ ದನಿ ತಗ್ಗಿಸಿದಳು. "ಬದುಕಿರೋರು ಈ ಮೇಜಿಗೆ ಬಂದರೆ ನಾಲ್ಕಾಟ ಆಡಿ ಎದ್ದು ಹೋಗ್ತಾರಮ್ಮ. ಏನೋ ಸರಿಯಿಲ್ಲ ಅನ್ನಿಸ್ತದೋ ಏನೋ. ಇವರು ಏಳಲ್ಲ. ಖಾಲಿಯಾದ ಸೀಟಿಗೆ ಮತ್ತೆ ಯಾರೋ ಬರ್ತಾರೆ, ಎದ್ದು ಹೋಗ್ತಾರೆ. ಒಂದು ದಿನ ಏಳದೇ ಇರೋನೊಬ್ಬ ಬಂದು ಕೂರ್ತಾನೆ. ಹಂಗೇ ಆರೂ ತುಂಬಿಹೋಯ್ತು."

"ಗೆಲ್ಲೋರು ಯಾರು?"

"ಯಾರೂ ಇಲ್ಲ. ಒಬ್ಬರದು ಒಬ್ಬರಿಗೆ ಸುತ್ತುತ್ತೆ. ಪ್ರತಿ ಸುತ್ತಿನಲ್ಲೂ ತೆರಿಗೆ ಮಾತ್ರ ಕಳೀತದೆ. ಮೇಲಿನೋರಿಗೆ ಬರೆದೆ. ಮೇಜು ನಿಯಮದಂತೆ ನಡೀತಿದೆ, ತೆರಿಗೆ ಸರಿಯಾಗಿ ಬರ್ತಿದೆ ಅಂತ ಉತ್ತರ ಬಂತು."

ಏನು ಮಾಡಬೇಕೆಂದು ಶಾಹಿದಾ ಹೇಳಿದಳು. ಪಟ್ಟಿಯನ್ನು ಕೊಯ್ಯಬಾರದು, ಕೊಯ್ದರೆ ಮೋಸದ ಕೇಸು. ಮೇಜಿನ ಡ್ರಾಯರಿನಿಂದ ಬೆರಳುದ್ದದ ಕಪ್ಪು ಕೀಲಿಯೊಂದನ್ನು ತೆಗೆದಳು. ಕೊಕ್ಕೆಗೆ ಇದನ್ನು ಒತ್ತಿ ಹಿಡಿದರೆ ಬಿಚ್ಚುತ್ತದೆ. ಬಿಚ್ಚಿದ ಕೂಡಲೇ ಬದಲಿ ಕೈ ನಿಲ್ಲುತ್ತದೆ. ಆಗ ನಡೆಯುತ್ತಿರುವ ಸುತ್ತನ್ನು ಯಾರಾದರೂ ಅವನ ಫೋನಿನಲ್ಲಿ ಆಡಿ ಮುಗಿಸಿ, 'ಮೇಜು ಬಿಡು' ಒತ್ತಬೇಕು. ಸುತ್ತಿನ ನಡುವೆ ಬಿಟ್ಟರೆ, ಖಾತೆಯಲ್ಲಿ ಆಟಕ್ಕೆಂದು ಮೀಸಲಾದ ಹಣವೆಲ್ಲ ದಂಡ. ಪಟ್ಟಿಯನ್ನು ಇಲ್ಲಿಗೆ ತಂದುಕೊಟ್ಟರೆ ಅವತ್ತೇ ದಾಖಲೆಯಲ್ಲಿ 'ಮೃತ' ಎಂದು ಬೀಳುತ್ತದೆ.

"ಆಟದ ಹೊತ್ತು ಬಿಟ್ಟು ಬೇರೆ ಹೊತ್ತಲ್ಲಿ ಬಿಚ್ಚಿದ್ರೆ?"

"ಬದಲಿ ಕೈ ಇದ್ದಾಗ ಮೂರು ಗಂಟೆಗೂ ಸುತ್ತು ಮುಗಿಯಲ್ಲ. ಎಲೆ ಕೈಯಲ್ಲೇ ಇರ್ತದೆ, ನಾಳೆ ಹನ್ನೊಂದಕ್ಕೆ ಮುಂದುವರೀತದೆ."

"ಇಡೀ ರಾತ್ರಿ ಎಲೆ ಹಿಡ್ಕೊಂಡೇ ಕುಂತಿರ್ತಾರಾ?" ಎಂದು ಕೇಳಿದಳು ಮಂಚಮ್ಮ.

ಶಾಹಿದಾ ಕೀಲಿಯನ್ನು ಅವಳ ಅಂಗೈಗೆ ಇಟ್ಟಳು.

ಹೊಂಬಾಳಯ್ಯನಿಗೆ ಹೇಳಿದಾಗ ಅವನು ತೆಂಗಿನ ಗರಿ ಸೀಳುತ್ತಿದ್ದವನು ಕತ್ತಿ ಕೆಳಗಿಟ್ಟ. "ವರ್ಷದ ಎಡೆ ಆಗಿಲ್ಲ ಕಣವ್ವ. ಇಟ್ಟ ಹೆಣ ಎತ್ತಬಾರದು. ನಮ್ಮ ವಂಶದಲ್ಲಿ ಇಲ್ಲ."

"ಇಟ್ಟ ಹೆಣ ಇಸ್ಪೀಟು ಆಡೋದು ವಂಶದಲ್ಲಿತ್ತಾ ಭಾವ?"

ಅವನು ತಲೆ ತಗ್ಗಿಸಿದ.

"ಮೂರನೇ ಬೆಳೆ ಚಂದ್ರಿಕೆ ಮೇಲೈತೆ. ಅದ್ರ ದುಡ್ಡು ಬೀಳೋಷ್ಟ್ರಲ್ಲಿ ಅವರು ಎದ್ದೇಳಬೇಕು. ಹೊಲ ನನ್ನೆಸರಿಗೆ ಬರದೆ ಇದ್ರೆ ಮುಂದಿನ ಬೆಳೆಗೆ ರೇಷ್ಮೆ ಆಫೀಸಿನೋರು ಹುಳದ ಮೊಟ್ಟೆ ಕೊಡಲ್ಲ ಅಂದವ್ರೆ. ನೀವು ಅಗೀದಿದ್ರೆ ನಾನೇ ಅಗೀತೀನಿ. ಪಟ್ಟಿ ಇರ್ಲಿ ಅಂದೋರು ನೀವು."

"ತಮಾಸೆಗೆ ಅಂದೆ ಕಣವ್ವ" ಎಂದು ಹೊಂಬಾಳಯ್ಯ ಬಹಳ ಮೆತ್ತಗೆ ಹೇಳಿದ. ಕತ್ತಿಯನ್ನು ಸೂರಿಗೆ ಸಿಕ್ಕಿಸಿ, ಗುದ್ದಲಿ ಹುಡುಕಲು ಒಳಗೆ ಹೋದ.

ಮಾರನೆಯ ದಿನ ಮಟಮಟ ಮಧ್ಯಾಹ್ನ. ಊರಿನವರು ಗಾಳಿ ಗ್ರಹದ ಹೊತ್ತೆಂದು ಮನೆ ಸೇರುವ ಹೊತ್ತು. ಹಿಪ್ಪುನೇರಳೆ ಸಾಲುಗಳ ಕೊನೆಯಲ್ಲಿ, ಹೊಂಗೆಮರದಿಂದ ಇಪ್ಪತ್ತು ಹೆಜ್ಜೆಗೆ ಚಲುವಯ್ಯನ ಮಣ್ಣಿನ ಗುಡ್ಡೆ. ಹೊಂಬಾಳಯ್ಯ ಕರ್ಪೂರ ಹಚ್ಚಿ, ಕೈಮುಗಿದು, "ಚಲುವ, ಮುನಿಸ್ಕೋಬ್ಯಾಡ" ಎಂದು ಹೇಳಿ ಅಗೆಯತೊಡಗಿದ. ಮಂಚಮ್ಮ ಬದುವಿನ ಮೇಲೆ ಕೂತು, ಗಂಡನ ಫೋನನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಮೂರು ನಿಮಿಷಕ್ಕೊಮ್ಮೆ ಟಿಣ್. ಗುದ್ದಲಿ ಸದ್ದು. ಮತ್ತೆ ಟಿಣ್.

ಅವಳಿಗೆ ಊರ ಅರಳಿಕಟ್ಟೆ ನೆನಪಾಯಿತು. ಕಾಯಿದೆಗೆ ಮುಂಚೆ ಯುಗಾದಿಯ ಮೂರು ದಿನ ಗಂಡಸರೆಲ್ಲ ಅಲ್ಲಿ ಕೂತು ಎಲೆ ಆಡುತ್ತಿದ್ದರು. ಆ ಕಟ್ಟೆಗೆ ಅದರದೇ ಕಟ್ಟಳೆ ಇತ್ತು. ಆಡುವವನನ್ನು ಕರೆಯಲು ಮನೆಯವಳು ಬಂದು ನಿಂತರೆ, ಆಟ ಎಷ್ಟೇ ಮೇಲಕ್ಕೆ ಹೋಗಿರಲಿ, ಎಲ್ಲರೂ ಎಲೆ ಕವುಚಿ ಇಟ್ಟುಬಿಡುತ್ತಿದ್ದರು. ಎದ್ದು ಹೋದವನ ಬಾಕಿಯನ್ನು ಕೂತವರು ಹಂಚಿಕೊಂಡು ಕಟ್ಟುತ್ತಿದ್ದರು. ಆ ಹೆಂಗಸಿನ ಮುಂದೆ ದುಡ್ಡಿನ ಮಾತು ಎತ್ತುವ ಹಾಗಿರಲಿಲ್ಲ. ಎಲ್ಲರ ಹೆಂಡಿರೂ ಒಂದಲ್ಲ ಒಂದು ಯುಗಾದಿಗೆ ಬಂದು ನಿಂತಿದ್ದರು. ಮಂಚಮ್ಮ ಒಮ್ಮೆಯೂ ಹೋಗಿರಲಿಲ್ಲ. ನನ್ನ ಗಂಡನನ್ನು ನಾಲ್ಕು ಜನರ ಮುಂದೆ ಕೈಹಿಡಿದು ಎಬ್ಬಿಸಬೇಕೆ ಎಂಬ ಬಿಗುಮಾನ. ಮನೆಯ ಜಗಲಿಯಿಂದಲೇ ಕೂಗುತ್ತಿದ್ದಳು. ಅವನು ಬರುತ್ತಿರಲಿಲ್ಲ.

"ಇತ್ಲಾಗೆ ನೋಡಬ್ಯಾಡ" ಎಂದ ಹೊಂಬಾಳಯ್ಯ ಗುಂಡಿಯೊಳಗಿಂದ.

ಅವಳು ನೋಡಲಿಲ್ಲ. ಹೊಂಬಾಳಯ್ಯ ತಲೆಯ ಟವೆಲನ್ನು ಬಿಚ್ಚಿ ಮೂಗಿಗೆ ಕಟ್ಟಿಕೊಂಡದ್ದು, ಬಗ್ಗಿದ್ದು, ತುಂಬ ಹೊತ್ತು ಬಗ್ಗಿಯೇ ಇದ್ದದ್ದು ಕಣ್ಣಂಚಿಗೆ ತಿಳಿಯಿತು. ಆಮೇಲೆ ಕೀಲಿ ಕೊಕ್ಕೆಗೆ ಕೂತು ಟಿಕ್ ಅಂದ ಸದ್ದು. ಅವನ ಕೈ ಮೇಲೆ ಬಂತು. ಮಣ್ಣು ಮೆತ್ತಿದ ಪಟ್ಟಿ. ಮಣ್ಣಿನೊಳಗಿಂದ ಒಂದು ಹಸಿರು ದೀಪ ಮಿಣುಕುತ್ತಿತ್ತು.

ಮಡಿಲಲ್ಲಿದ್ದ ಫೋನು ಈಗ ಟಿಣ್ ಅನ್ನಲಿಲ್ಲ. ಹೆಂಗಸಿನ ದನಿಯೊಂದು ಸ್ಪಷ್ಟವಾಗಿ ಹೇಳಿತು: "ಚಲುವಯ್ಯನವರೇ, ಮರಳಿ ಬಂದಿದ್ದೀರಿ. ನಿಮ್ಮ ಸರದಿ."

ಹಸಿರು ಮೇಜು ತೆರೆದುಕೊಂಡಿತು. ಕೆಳಗೆ ಬೀಸಣಿಗೆಯಂತೆ ಹದಿನಾಲ್ಕು ಎಲೆ, ಸುತ್ತ ಐದು ಚುಕ್ಕಿ. ಮೇಲೊಂದು ಗಡಿಯಾರ ಮೂವತ್ತರಿಂದ ಇಳಿಯತೊಡಗಿತು.

"ಭಾವ, ಏನ್ ಮಾಡ್ಲಿ?"

ಹೊಂಬಾಳಯ್ಯ ಗುಂಡಿಯಿಂದ ಹತ್ತಿ ಬಂದ. ಕೈ ಮುಂದೆ ಮಾಡಲಿಲ್ಲ, ದೂರದಿಂದಲೇ ಕತ್ತು ಚಾಚಿ ನೋಡಿದ. "ಮುಕ್ಕಾಲು ಜೋಡ್ಸವ್ನೆ ಕಣವ್ವ. ಇನ್ನೊಂದು ಎಲೆ ಬಂದ್ರೆ ಆಟ ಅವಂದೇ. ಅಗೋ, ಅಡ್ಡ ಕುಂತಿರೋದು ಆಟೀನು ರಾಣಿ. ಜೊತೆಗಾರ ಇಲ್ಲ ಅದಕ್ಕೆ. ಅದ್ನ ಬಿಟ್ಟಿದ್ರೆ ಯಾವತ್ತೋ ಗೆದ್ದಿರೋನು."

"ಯಾಕೆ ಬುಡಲ್ಲ ಅವರು?"

"ಅದ್ಯಾಕೋ. ಕೇಳಿದ್ರೆ ನಮ್ಮನೇಲಿ ಒಬ್ಳವ್ಳೆ ಇಂಗೇ ಅಂತ ನಗೋನು."

ಗಡಿಯಾರ ಹನ್ನೊಂದಕ್ಕೆ ಬಂದಿತ್ತು. ಮಂಚಮ್ಮ ರಾಣಿಯ ಮುಖ ನೋಡಿದಳು. ಓರೆಗಣ್ಣು, ಬಿಗಿದ ತುಟಿ, ಕೈಯಲ್ಲೊಂದು ಹೂವು. ಯಾರು ಕೂಗಿದರೂ ತಾನು ಕೂತಲ್ಲಿಂದ ಏಳುವವಳಲ್ಲ ಎನ್ನುವ ಮುಖ. ಅವಳು ಹೆಬ್ಬೆರಳನ್ನು ಎಲೆಯ ಮೇಲಿಟ್ಟು ಮೇಜಿನ ನಡುವಿಗೆ ತಳ್ಳಿದಳು.

ಐದು ಚುಕ್ಕಿಗಳೂ ನಿಂತುಬಿಟ್ಟವು.

ಮುಂದಿನವನ ಸರದಿ. ಎಲೆ ಬೀಳಲಿಲ್ಲ. ಗಡಿಯಾರ ಇಳಿಯುತ್ತಿತ್ತು. ಅಷ್ಟು ಹೊತ್ತು ಹಿಪ್ಪುನೇರಳೆಯಲ್ಲಿ ಆಡುತ್ತಿದ್ದ ಗಾಳಿ ಬಿದ್ದುಹೋಯಿತೋ, ಅಥವಾ ಅವಳಿಗೆ ಹಾಗೆ ತೋರಿತೋ. ಐದು ಜನ ಕತ್ತೆತ್ತಿ ತನ್ನನ್ನು ನೋಡುತ್ತಿದ್ದಾರೆ ಎಂದು ಅವಳಿಗೆ ಅನ್ನಿಸಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಆಮೇಲೆ ಒಂದನೇ ಚುಕ್ಕಿಯ ಎಲೆಗಳು ಕವುಚಿ ಬಿದ್ದವು. ಎರಡನೆಯದು. ನಾಲ್ಕನೆಯದು. ಐದು. ಆರು. ಯಾರೂ ಅವಸರ ಮಾಡಲಿಲ್ಲ, ಒಬ್ಬರಾದ ಮೇಲೆ ಒಬ್ಬರು.

"ಅಯ್ಯೋ ಶಿವನೆ" ಅಂದ ಹೊಂಬಾಳಯ್ಯ, ಉಸಿರಿನಲ್ಲಿ. "ಎಲೆ ಮಡಗ್ಬುಟ್ರು, ಸುತ್ತು ಮುಗೀತು. ಮನೆಯೋಳು ಬಂದ್ಲು ಅಂತ."

ಮಂಚಮ್ಮ ಹೊಂಗೆಮರದ ಬುಡದತ್ತ ನೋಡಿದಳು. ಅಲ್ಲಿ ಒಣಗಿದ ಎಲೆಯ ರಾಶಿ ಬಿಟ್ಟರೆ ಏನೂ ಇರಲಿಲ್ಲ. "ಏಳಿ" ಎಂದು ಮೆಲ್ಲಗೆ ಹೇಳಿದಳು. "ಹೊತ್ತಾಯ್ತು, ಉಣ್ಣೋಕೆ ಏಳಿ." ಮೇಜು ಬಿಡುವ ಗುರುತನ್ನು ಒತ್ತಿದಳು. ಪಟ್ಟಿಯ ಹಸಿರು ದೀಪ ಆರಿತು.

ಮಾರನೆಯ ದಿನ ನಿಗಾ ಕೇಂದ್ರದಲ್ಲಿ ಶಾಹಿದಾ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ತೆಗೆದುಕೊಂಡು, ದಾಖಲೆ ತಿದ್ದಿ, ಠಸ್ಸೆ ಒತ್ತಿದ ಚೀಟಿ ಕೊಟ್ಟಳು. ಮಂಚಮ್ಮ ನಡೆದದ್ದು ಹೇಳಿದಳು.

"ಯಂತ್ರ ತಾನು ಕಂಡದ್ದನ್ನೇ ಮಾಡೋದಮ್ಮ" ಎಂದಳು ಶಾಹಿದಾ. "ಇದ್ದಾಗ ಆ ಐವರೂ ಹಂಗೇ ಮಾಡಿರ್ತಾರೆ. ಆಟದ ನಡುವೆ ಹೊಸ ಕೈ ಬಂತು, ತಡವರಿಸ್ತು, ಯಾವತ್ತೂ ಬಿಡದ ಎಲೆ ಬಿಡ್ತು. ಯಾರದೋ ಹೆಂಡತಿ ಫೋನು ಕಿತ್ಕೊಂಡಳು ಅಂತ ಅದಕ್ಕೆ ಗೊತ್ತಾಗಿದೆ." ಇಷ್ಟು ಹೇಳಿ, ತಾನು ಹೇಳಿದ್ದು ತನಗೇ ಸಮಾಧಾನವಾಗದವಳಂತೆ ಪರದೆಯ ಕಡೆ ನೋಡಿದಳು. ಮೇಜಿನ ಮೂರನೇ ಸೀಟು ಖಾಲಿಯಿತ್ತು. ಉಳಿದ ಐವರು ಆಡುತ್ತಿದ್ದರು.

"ಅದ್ಸರಿ, ಕೊನೇ ಸುತ್ತಿನ ತೆರಿಗೆ ಎಷ್ಟು ಕೊಡಬೇಕು?"

"ಮೇಜು ಬಿಡೋ ಸುಂಕ ಸೇರಿ ಹನ್ನೊಂದು ರೂಪಾಯಿ ಇಪ್ಪತ್ತು ಪೈಸೆ" ಎಂದು ಶಾಹಿದಾ ಕೀಲಿಮಣೆ ಒತ್ತಿದವಳು ತಡೆದಳು. "ಸಂದಾಯ ಆಗಿದೆ."

"ನಾನು ಕಟ್ಟಿಲ್ಲ."

ಯಂತ್ರದಿಂದ ರಸೀದಿ ಹೊರಬಂತು. ಆಟಗಾರರ ಹೆಸರು ಹೇಳಬಾರದೆಂದು ಆಟದ ಕಾಯಿದೆ. ತೆರಿಗೆ ಕಟ್ಟಿದವರ ಹೆಸರು, ಊರು ಮುಚ್ಚಿಡಬಾರದೆಂದು ತೆರಿಗೆಯ ಕಾಯಿದೆ. ರಸೀದಿಯಲ್ಲಿ ಐದು ಸಾಲು ಇತ್ತು. ಐದು ಗಂಡಸರ ಹೆಸರು, ಐದು ಊರು. ಪ್ರತಿ ಹೆಸರಿನ ಮುಂದೆ ಎರಡು ರೂಪಾಯಿ ಇಪ್ಪತ್ತನಾಲ್ಕು ಪೈಸೆ.

ಮಂಚಮ್ಮ ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು. ಸೊಂಟದ ಚೀಲದಿಂದ ಕಪ್ಪು ಕೀಲಿ ತೆಗೆದು ಮೇಜಿನ ಮೇಲಿಟ್ಟಳು.

ಶಾಹಿದಾ ಅದನ್ನು ಎತ್ತಿ ಡ್ರಾಯರಿಗೆ ಹಾಕಲಿಲ್ಲ. "ವಾಪಸು ಕೇಳೋದು ನಂಗೆ ಮರೆತೋಯ್ತು ಅನ್ಕೊಳಿ" ಎಂದು ಹೇಳಿ, ಕೀಲಿಯನ್ನು ಎರಡು ಬೆರಳಿನಿಂದ ಅವಳ ಕಡೆಗೇ ಸರಿಸಿದಳು.

ಗೂಡು ಬಿಡಿಸಿ ಮಾರಿದ್ದಾಯಿತು. ಅರವತ್ತೆರಡು ಕಿಲೋ ತೂಗಿತು. ದುಡ್ಡು ಖಾತೆಯಲ್ಲಿ ಇಟ್ಟಷ್ಟೂ ಇತ್ತು. ಪೌತಿ ಖಾತೆಯ ಅರ್ಜಿಗೆ ನಂಬರು ಬಿತ್ತು. ಹನ್ನೊಂದು ಗಂಟೆಯಾದರೆ ಮಂಚಮ್ಮನ ಕಿವಿ ತಾನಾಗಿ ಗೂಟದ ಚೀಲದ ಕಡೆ ಹೋಗುತ್ತಿತ್ತು. ಚೀಲ ಸುಮ್ಮನಿರುತ್ತಿತ್ತು. ಆ ಸುಮ್ಮನಿರುವಿಕೆಗೆ ಒಗ್ಗಲು ಅವಳಿಗೆ ಟಿಣ್ ಸದ್ದಿಗೆ ಒಗ್ಗಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು.

ಹೊಸ ಹುಳು ಮನೆಗೆ ತರಲು ಇನ್ನೂ ಒಂದು ವಾರವಿದ್ದಾಗ ಅವಳು ಹೊಂಬಾಳಯ್ಯನನ್ನು ಕರೆದಳು.

"ನಡೀರಿ ಭಾವ, ಬಾಕಿ ತೀರ್ಸಿ ಬರಣ."

"ಎರಡೂಕಾಲು ರೂಪಾಯಿಗೆ ಇಪ್ಪತ್ತು ರೂಪಾಯಿ ಬಸ್ ಚಾರ್ಜಾ?" ಅಂದ ಅವನು. ಆದರೆ ಅಂಗಿ ಹಾಕಿಕೊಂಡ. ಯಾಕೋ ಏನೋ, ಹಿತ್ತಲಿಗೆ ಹೋಗಿ ಗುದ್ದಲಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದ.

ರಸೀದಿಯ ಮೊದಲ ಊರು ಎರಡು ಬಸ್ಸಿನ ದಾರಿ. ವಿಚಾರಿಸಿಕೊಂಡು ಹೋದರೆ ಊರಾಚೆ ತೋಟದ ಪಕ್ಕದ ಮನೆ. ಅಂಗಳದಲ್ಲಿ ತೆಳ್ಳನೆಯ ಹೆಂಗಸೊಬ್ಬಳು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ಬಂದವರನ್ನು ನೋಡಿ ಕೈ ಒರೆಸಿಕೊಂಡು ಎದ್ದಳು. ಹಣೆ ಬೋಳಾಗಿತ್ತು.

"ಯಾರು ಬೇಕಾಗಿತ್ತವ್ವ?"

"ಸೀಗೆದೊಡ್ಡಿಯಿಂದ ಬಂದೋ. ನಿಮ್ಮ ಯಜಮಾನ್ರಿಗೆ ಒಸಿ ದುಡ್ಡು ಕೊಡೋದಿತ್ತು" ಎಂದಳು ಮಂಚಮ್ಮ. ಸೆರಗಿನ ಗಂಟು ಬಿಚ್ಚಿ, ಪೈಸೆಗೆ ಚಿಲ್ಲರೆ ಸಿಗದ್ದರಿಂದ ಎರಡೂವರೆ ರೂಪಾಯಿ ಎಣಿಸಿ ಅವಳ ಅಂಗೈಗೆ ಹಾಕಿದಳು.

ಹೆಂಗಸು ನಾಣ್ಯಗಳನ್ನು ನೋಡಿದಳು, ಇವರಿಬ್ಬರನ್ನು ನೋಡಿದಳು. "ಅವರು ಹೋಗಿ ಎರಡು ವರ್ಷ ಆಯ್ತಲ್ಲವ್ವ. ಯಾವ ಕಾಲದ ಬಾಕಿ ಇದು?"

"ಹೋದ ತಿಂಗಳದು."

ಹೆಂಗಸಿನ ಕೈ ನಾಣ್ಯಗಳ ಮೇಲೆ ಮೆಲ್ಲಗೆ ಮುಚ್ಚಿಕೊಂಡಿತು. ಮಂಚಮ್ಮ ಒಂದು ಹೆಜ್ಜೆ ಹತ್ತಿರ ಹೋಗಿ, ದನಿ ತಗ್ಗಿಸಿ ಕೇಳಿದಳು: "ಮಣ್ಣಿಗಿಡುವಾಗ ಕೈಯಲ್ಲಿ ಪಟ್ಟಿ ಇತ್ತಾ ತಾಯಿ?"

ಮನೆಯೊಳಗೆ, ಕತ್ತಲ ನಡುಮನೆಯಲ್ಲಿ ಎಲ್ಲೋ, ಟಿಣ್ ಅಂದಿತು.